ಗೋಡೆಗೆ ಅಂಟಿಸಿದ ನೀರಿನ ಹೆಸರು

ಬಸ್ರಾದಿಂದ ಸ್ವೀಡನ್ನಿಗೆ ಬಂದಾಗ ನನ್ನ ಮೊಮ್ಮಗಳು ರಘದ್‌ಗೆ ಹದಿನೈದು ವರ್ಷ. ಅಲ್ಲಿ ನಾವು ಹರಿವ ನೀರಲ್ಲಿ ಮುಳುಗಿ ಶುದ್ಧರಾಗುವ ಮಂದಾಯಿ ಧರ್ಮದವರೆಂದು ಯಾರೆದುರೂ ಬಾಯಿ ಬಿಡದೆ ಬೆಳೆದವಳು. ಇಲ್ಲಿ ಹೊಸದಾಗಿ ಬಂದ ಮಕ್ಕಳ ತರಗತಿಯಲ್ಲಿ ಎಲ್ಲ ಧರ್ಮಗಳ ಪಾಠವಿತ್ತು.

"ಇಲ್ಲಿ ಯಾರ ದೇವ್ರೂ ಹೆಚ್ಚಲ್ಲ, ಯಾರ ದೇವ್ರೂ ಕಮ್ಮಿಯಲ್ಲ ಅಂತೆ ಅಜ್ಜಿ. ಬರೀ ತಿಳ್ಕೊಳ್ಳೋದಂತೆ!" ಎಂದು ಬಂದು ಹೇಳಿದ ದಿನ ಎರಡು ತಟ್ಟೆ ಅನ್ನ ಉಂಡಳು.

ಅವರವರ ನಂಬಿಕೆಯ ಬಗ್ಗೆ ಬರೆಯಿರಿ, ನಾನೊಬ್ಬಳೇ ಓದುತ್ತೇನೆ ಎಂದು ಟೀಚರ್ ಗುನ್ನೆಲ್ ಮಾತು ಕೊಟ್ಟಿದ್ದಳು.

"ಪುಸ್ತಕದಲ್ಲಿ ನಮ್ಮದು ಒಂದು ಸಾಲೂ ಇಲ್ಲ ಅಜ್ಜಿ. ನಾನೇ ಬರೀತೀನಿ."

ನಮ್ಮಲ್ಲಿ ಎಲ್ಲರಿಗೂ ಎರಡು ಹೆಸರು. ಒಂದು ಊರಿಗೆ, ಇನ್ನೊಂದು ನೀರಿಗೆ. ತಾಯಿಯ ನೀರಿನ ಹೆಸರೂ ಸೇರಿಸಿಟ್ಟ ಈ ಹೆಸರನ್ನು ಪುರೋಹಿತರು ಹೊಳೆಯಲ್ಲಿ ಮುಳುಗಿಸುವಾಗ ಮಾತ್ರ ಹೇಳುತ್ತಾರೆ. ಪರರ ಕಿವಿಗೆ ಬಿದ್ದರೆ ಕೇಡು. ಹುಡುಗಿ ತನ್ನ ನೀರಿನ ಹೆಸರನ್ನೂ ಬರೆದುಬಿಟ್ಟಳು, ಕೆಳಗೆ ಅರಬ್ಬಿ ಅಕ್ಷರದಲ್ಲೂ.

ಮಾರ್ಚಿನಲ್ಲಿ ಪೋಷಕರ ಸಭೆಗೆ ರಘದ್ ಜೊತೆ ನಾನು, ಸೊಸೆ ಇಲ್ಹಾಮ್ ಹೋದೆವು. ಓಣಿಯಂಥ ಮೊಗಸಾಲೆಯ ಗೋಡೆಗೆ ಆ ಹಾಳೆ ಅಂಟಿಸಿತ್ತು. ಒಬ್ಬ ಹುಡುಗ ರಘದ್‌ಳನ್ನು ಅದೇ ಹೆಸರು ಹಿಡಿದು ಕರೆದು, "ಏಯ್, ಹೊಳೇಲಿ ಮುಳುಗ್ವಾಗ ಚಳಿ ಆಗಲ್ವೇನೇ ನಿಂಗೆ?" ಎಂದು ಅರಬ್ಬಿಯಲ್ಲೇ ಕೂಗಿ ಓಡಿದ.

ಗುನ್ನೆಲ್ ನಗುತ್ತ ಬಂದಳು. ಅವಳ ಮಾತನ್ನು ರಘದ್ ಒಂದು ಪದವೂ ಬಿಡದೆ ನಮ್ಮ ಭಾಷೆಯಲ್ಲಿ ತಾಯಿಗೆ ಒಪ್ಪಿಸಿದಳು: "ತುಂಬಾ ಚೆನ್ನಾಗಿ ಬರೆದಿದಾಳೆ, ಎಲ್ರೂ ಓದ್ಲಿ ಅಂತ ಹಾಕ್ದೆ ಅಂತಿದಾರೆ ಅಮ್ಮ."

"ನನ್ನ ಹೆಸರೂ ಬೀದಿಪಾಲು ಮಾಡಿದ್ಯಲ್ಲೇ!" ಎಂದಳು ಇಲ್ಹಾಮ್.

ರಘದ್ ಟೀಚರ್ ಕಡೆ ತಿರುಗಿದಳು. ಆಗ ಇಬ್ಬರೂ ಆಡಿದ ಮಾತನ್ನು ಆಮೇಲೆ ನನಗೆ ಹೇಳಿದಳು. "ನಾನೊಬ್ಳೇ ಓದ್ತೀನಿ ಅಂದಿದ್ರಲ್ಲ, ಗುನ್ನೆಲ್?"

"ಇದರಲ್ಲಿ ಮುಚ್ಚಿಡೋದೇನಿದೆ ಚಿನ್ನ? ಪಾಠ ತಾನೆ?"

ಗುನ್ನೆಲ್ ಹಾಳೆಯನ್ನು ಆಗಲೇ ಕಿತ್ತುಕೊಟ್ಟಳು, ನಿಜ. ಮಕ್ಕಳ ಬಾಯಿಂದ ಹೆಸರನ್ನು ಕೀಳುವವರು ಯಾರು? ಅಲ್ಲಿಂದಾಚೆಗೆ ರಘದ್ ಆ ಪಾಠದಲ್ಲಿ ಪುಸ್ತಕದಲ್ಲಿದ್ದಷ್ಟೇ ಬರೆದಳು. ಒಳ್ಳೆಯ ಅಂಕವೇ ಬಂತು.

ಮೇ ತಿಂಗಳ ಒಂದು ಭಾನುವಾರ ನಾನು, ರಘದ್ ಬಿಳಿ ಬಟ್ಟೆಯುಟ್ಟು ಹೊಳೆಗೆ ಹೋದೆವು. ಪುರೋಹಿತರು ಸೊಂಟದ ಮಟ್ಟದ ನೀರಲ್ಲಿ ನಿಂತು, "ಬಾ ಮಗಳೇ" ಎಂದು ಕೈ ಚಾಚಿದರು. ರಘದ್ ದಡದ ಕಲ್ಲಿನ ಮೇಲೆ ಕೂತುಬಿಟ್ಟಳು.

"ಏಳು ತಾಯಿ, ಕಾಯ್ತಿದಾರೆ."

"ನೀವು ಹೋಗಿ ಅಜ್ಜಿ. ಅವರು ಆ ಹೆಸರು ಹೇಳಿದ್ರೆ ನಂಗೆ ಆ ಹುಡುಗ ಕೂಗಿದ ಹಾಗೇ ಕೇಳ್ಸುತ್ತೆ."

ನನ್ನ ಉಣ್ಣೆಯ ಕೋಟು ಅವಳ ಮಡಿಲಲ್ಲಿಟ್ಟು ನಾನೊಬ್ಬಳೇ ನೀರಿಗಿಳಿದೆ.