ಕಿವಿಯ ಹಿಂದೆ ಒಂದು ದಿನ

ಮೂಲೆಯ ಔಷಧಿ ಅಂಗಡಿಯಲ್ಲಿ ಮುಖದ ಕ್ರೀಮು ಮಾರುವ ಹೆಂಗಸಿಗೆ ಗಿರಾಕಿಗಳು ಇಟ್ಟ ಹೆಸರು ನಾಳೆಯಕ್ಕ. ಇಪ್ಪತ್ತೆರಡು ವರ್ಷದಲ್ಲಿ ಅವಳು ಯಾರಿಗೂ ಬಂದ ದಿನವೇ ಹೊಸ ಕ್ರೀಮು ಕೊಟ್ಟವಳಲ್ಲ. ಕಡ್ಡಿಯ ತುದಿಯಲ್ಲಿ ಚೂರು ತೆಗೆದು ಕಿವಿಯ ಹಿಂದೆ ಸವರಿ, "ನಾಳೆ ಬನ್ನಿ, ಕೆಂಪಾಗದಿದ್ರೆ ತಗೊಳ್ಳಿ" ಎನ್ನುವಳು.

ಅದಕ್ಕೆ ಕಾರಣವಿತ್ತು. ತನ್ನ ಮದುವೆಯ ಹಿಂದಿನ ದಿನ ಯಾರದೋ ಮಾತು ಕೇಳಿ ಹೊಸ ಕ್ರೀಮು ಬಳಿದುಕೊಂಡಿದ್ದಳು. ಫೋಟೋದಲ್ಲಿ ಮುಖ ಊದಿ ಕಣ್ಣುಗಳು ಎರಡು ಗೀಟು. "ನನ್ನ ಅಂದ ನೋಡಲಾರದೆ ಕಣ್ಣು ಮುಚ್ಕೊಂಡ್ಲು" ಎಂದು ಗಂಡ ಸಾಯುವವರೆಗೂ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಈಗ ಗಲ್ಲಾದಲ್ಲಿ ಹಳೆಯ ಯಜಮಾನರ ಅಳಿಯ ಕೂರುತ್ತಾನೆ. ಒಂದು ದಿನ ಚಿನ್ನದ ಬಣ್ಣದ ಮುಚ್ಚಳದ ಡಬ್ಬಿ ತಂದು ಅವಳ ಮುಂದಿಟ್ಟ.

"ಬೇಜಾರು ಮಾಡ್ಕೋಬೇಡಿ ಅಕ್ಕ. ಯೌವನ ಮಾರೋ ಜಾಗದಲ್ಲಿ ಸುಕ್ಕು ಮುಖ ಚೆನ್ನಾಗಿರಲ್ಲ. ಇದನ್ನ ಹಚ್ಕೊಂಡು, ಬಂದವರಿಗೂ ಇದನ್ನೇ ಕೊಡಿ. ಆಗಲ್ಲ ಅಂದ್ರೆ ಒಳಗೆ ಕೂತು ಡಬ್ಬಿ ಜೋಡಿಸಿ."

ಒಳಗಿನ ಕೋಣೆಗೆ ಕಿಟಕಿಯಿಲ್ಲ, ಮಾತಿಗೆ ಜನರಿಲ್ಲ. ಮನೆಯಲ್ಲೂ ಅವಳೊಬ್ಬಳೇ. ಕೌಂಟರ್ ತಪ್ಪಿದರೆ ದಿನವಿಡೀ ಬಾಯಿಗೆ ಬೀಗ.

ಅಭ್ಯಾಸದಂತೆ ಮೊದಲು ಕಿವಿಯ ಹಿಂದೆ ಹಚ್ಚಿಕೊಂಡಳು. ಮರುದಿನ ಅಲ್ಲಿ ಕೆಂಪಗೆ ದದ್ದು ಎದ್ದು ತುರಿಕೆ.

"ನಿಮ್ಮದು ಹಳೇ ಚರ್ಮ, ಒಗ್ಗಲಿಲ್ಲ" ಎಂದ ಅಳಿಯ.

ಅಷ್ಟರಲ್ಲಿ ಬಸ್ಸು ಓಡಿಸುವ ಹೆಂಗಸೊಬ್ಬಳು ಬಂದಳು. ಬಿಸಿಲು ಗಾಳಿಗೆ ಕೆನ್ನೆ ಒಣಗಿ ಹೊಟ್ಟು ಎದ್ದಿತ್ತು.

"ಅಕ್ಕ, ಭಾನುವಾರ ತಂಗಿ ಮದುವೆ. ನೀವು ಹುಡುಗಿಯ ಅಮ್ಮನಾ ಅಂತ ಯಾರೂ ಕೇಳಬಾರದು. ಆ ಚಿನ್ನದ ಮುಚ್ಚಳದ್ದು ಕೊಡಿ."

ಅಳಿಯ ಫೋನಿನಿಂದ ತಲೆ ಎತ್ತಿದ. ನಾಳೆಯಕ್ಕನ ಕೈ ಡಬ್ಬಿಯವರೆಗೂ ಹೋಯಿತು. ಅಲ್ಲೇ ನಿಂತಿತು. ಅವಳು ತನ್ನ ಕಿವಿ ಮಡಿಸಿ ತೋರಿಸಿದಳು.

"ನೋಡಮ್ಮ, ನನಗೆ ಹೀಗಾಯ್ತು. ನಿನಗೆ ಆಗದೇ ಇರಬಹುದು. ಮದುವೆ ಹತ್ತಿರ ಇಟ್ಕೊಂಡು ಪರೀಕ್ಷೆ ಬೇಡ." ಕೆಳಗಿನ ಸಾಲಿನಿಂದ ಬಿಳಿ ಡಬ್ಬಿ ತೆಗೆದಳು. "ಇದಕ್ಕೆ ಸುವಾಸನೆ ಇಲ್ಲ, ನಿನ್ನಂಥ ಒಣ ಚರ್ಮಕ್ಕೆ ಸರಿ. ಮುಖ ತೊಳೆದು ಪಸೆ ಆರೋ ಮುಂಚೆ ಹಚ್ಚು. ಹಗಲು ಇದರ ಮೇಲೆ ಬಿಸಿಲಿನ ಕ್ರೀಮು. ವಯಸ್ಸು ಇಳಿಯಲ್ಲ, ಬಿರುಕು ಇಳಿಯುತ್ತೆ."

"ಸರಿ, ಅದನ್ನೇ ಕೊಡಿ."

"ನಾಳೆ ಬಾ."

"ನೀವು ಈ ಅಂಗಡಿ ಬಾಗಿಲು ಹಾಕ್ಸೋಕೇ ಹುಟ್ಟಿದೀರ."

"ಅಲ್ಲಿ ಕೂತಿರೋರೂ ಅದನ್ನೇ ಹೇಳ್ತಾರೆ" ಎಂದು ನಾಳೆಯಕ್ಕ ಬಿಳಿ ಡಬ್ಬಿಯಿಂದ ಚೂರು ತೆಗೆದು ಅವಳ ಕಿವಿಯ ಹಿಂದೆ ಸವರಿದಳು.

ಮಾರನೆಯ ಬೆಳಿಗ್ಗೆ ಅವಳ ಸ್ಟೂಲು ಒಳಗಿನ ಕೋಣೆಯಲ್ಲಿತ್ತು. ಹೋಗಿ ಕೂತು ಡಬ್ಬಿ ಜೋಡಿಸತೊಡಗಿದಳು. ಹನ್ನೊಂದಕ್ಕೆ ಹೊರಗೆ ಬಸ್ಸಿನವಳ ದನಿ ಕೇಳಿತು.

"ಅಕ್ಕ ಎಲ್ಲಿ?"

"ಬಿಳಿ ಡಬ್ಬಿ ತಾನೇ? ನಾನೇ ಕೊಡ್ತೀನಿ."

"ಕಿವಿ ಯಾರು ನೋಡ್ತಾರೆ, ನೀವಾ?"

ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕರು. "ನಮಗೂ ಅಕ್ಕನೇ ಬೇಕು. ಇವತ್ತು ಬರೋಕೆ ನಿನ್ನೆ ಹೇಳಿದ್ರು" ಎಂದಳು ಒಬ್ಬಳು.

ಆಮೇಲೆ ಅಳಿಯ ಒಳಗೆ ಬಂದ. ಅವಳು ಎದ್ದು ನಿಂತಳು. ಅವನು ಸ್ಟೂಲು ಎತ್ತಿಕೊಂಡು ಹೋಗಿ ಹೊರಗೆ ಹಳೆಯ ಜಾಗದಲ್ಲೇ ಇಟ್ಟ.

ನಾಳೆಯಕ್ಕ ಬಸ್ಸಿನವಳ ಕಿವಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಕೆಂಪಿರಲಿಲ್ಲ. ಬಿಳಿ ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

"ಮದುವೆ ಫೋಟೋ ತಂದು ತೋರಿಸ್ತೀನಿ ಅಕ್ಕ."

"ತಾ. ಕಣ್ಣು ಮಾತ್ರ ತೆರ್ಕೊಂಡಿರು."