ಶಹಾಡಿನ ರನ್ನಿಂಗ್ ಐಟಂ

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ರನ್ನಿಂಗ್ ಎಂಬ ಇಂಗ್ಲಿಷ್ ಶಬ್ದವನ್ನು ನನ್ನಷ್ಟು ಬಲ್ಲವರು ಕಡಿಮೆ ಎಂದು ಈಗಲೂ ಹೇಳುತ್ತೇನೆ. ಕರಾವಳಿಯ ಊರಿನಿಂದ ಡೊಂಬಿವಲಿಗೆ ಬಂದ ಮರುದಿನವೇ ರೂಮಿನ ಹಿರಿಯರೊಬ್ಬರು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿ ಪಾಠ ಹೇಳಿದ್ದರು: "ಗಾಡಿ ನಿಂತ ಮೇಲೆ ಹತ್ತಿದರೆ ನಿನಗೆ ಸೀಟು ಸಿಗುವುದು ಮುದುಕನಾದ ಮೇಲೆಯೇ. ರನ್ನಿಂಗ್‌ನಲ್ಲಿ ಹತ್ತಬೇಕು ಮಾರಾಯ!" ಎರಡು ಮೊಣಕಾಲೂ ತರಚಿಕೊಂಡು ಅದನ್ನು ಕಲಿತೆ. ನಾನು ಕೆಲಸಕ್ಕೆ ಸೇರಿದ ನೌಪಾಡಾದ ಹೋಟೆಲಿನಲ್ಲಿ ಮಸಾಲೆ ದೋಸೆ ರನ್ನಿಂಗ್ ಐಟಂ ಆಗಿತ್ತು. ಮಾಡಿದ ಹಾಗೆಯೇ ಖಾಲಿ. ಮಗಳಿಗೆ ನೆಗಡಿಯಾದಾಗ ಡಾಕ್ಟರು ಅವಳ ಮೂಗಿಗೂ ಅದೇ ಶಬ್ದ ಹಚ್ಚಿದರು.

ಆ ಹೋಟೆಲಿನ ದೋಸೆ ಕಲ್ಲಿನ ಮುಂದೆ ಹನ್ನೊಂದು ವರ್ಷ ನಿಂತೆ. ನನ್ನ ದೋಸೆಗಾಗಿ ಜನ ಕಾಯುತ್ತಿದ್ದರು. ಅದರ ಜಂಬ ನನಗಿತ್ತು, ಇರಬೇಕಾದದ್ದೇ. ಧಣಿಗಳು ಶಹಾಡ್ ಸ್ಟೇಷನ್ನಿನ ಹೊರಗೆ ಇನ್ನೊಂದು ಸಣ್ಣ ಹೋಟೆಲ್ ತೆಗೆದುಕೊಂಡಿದ್ದರು. ಅದು ಏಳಲೇ ಇಲ್ಲ. ಒಂದು ದಿನ ನನ್ನನ್ನು ಕರೆದರು.

"ಮೂರು ತಿಂಗಳು ನೀನು ನೋಡು. ಹೋಟೆಲ್ ರನ್ನಿಂಗ್ ಆಯ್ತಾ, ಮುಂದೆಯೂ ನೀನೇ ನಡೆಸು, ದುಡ್ಡಿನ ಗಲ್ಲೆಯಲ್ಲಿ ನೀನೇ ಕೂತ್ಕೋ. ಆಗಲಿಲ್ವಾ, ಶಟರ್ ಎಳೆಯುವ. ನೀನು ಪುನಃ ಕಲ್ಲಿಗೆ ಬಾ."

"ಆಗ್ತದೆ ಧಣಿ," ಎಂದೆ. ಯೋಚನೆ ಮಾಡಲಿಲ್ಲ.

ನೌಪಾಡಾದಲ್ಲಿ ಇದ್ದಂತೆಯೇ ಎಲ್ಲವನ್ನೂ ಹೂಡಿದೆ. ಒರೆಸಿದ ಟೇಬಲ್, ಮೊದಲು ನೀರು, ಆಮೇಲೆ ಎರಡು ಬಗೆಯ ಚಟ್ನಿ, ಕೊನೆಗೆ ದೋಸೆ. ಸಂಜೆ ಕಾರ್ಖಾನೆ ಬಿಟ್ಟರೆ ಜನವೋ ಜನ, ಆದರೆ ಎಲ್ಲರೂ ನನ್ನ ಬಾಗಿಲ ಮುಂದೆಯೇ ಹಾದು ಸ್ಟೇಷನ್ನಿಗೆ ಓಡುತ್ತಿದ್ದರು. ಒಳಗೆ ಬಂದ ನಾಲ್ಕು ಜನ ಗಡಿಯಾರ ನೋಡಿ ಅರ್ಧದಲ್ಲೇ ಏಳುತ್ತಿದ್ದರು. ಕಲಬುರಗಿ ಕಡೆಯ ಲೋಡಿಂಗ್ ಕೆಲಸದವನೊಬ್ಬ ಒಮ್ಮೆ ಜೋರಾಗಿಯೇ ಕೇಳಿದ:

"ಏನ್ರಿ ಅಣ್ಣಾ, ನಿಮ್ಮ ದ್ವಾಸಿ ಬರೋದ್ರಾಗ ನಮ್ಮ ಗಾಡಿ ಕಲ್ಯಾಣ ಮುಟ್ಟತದ. ನಾವೇನು ಮದಿವಿಗಿ ಬಂದೀವೇನು, ಪಂಕ್ತಿ ಹಿಡದು ಕುಂದ್ರಲಾಕ?"

"ದೋಸೆ ಅಂದ್ರೆ ಕೂತು ತಿನ್ನುವಂಥದ್ದು," ಎಂದೆ ನಾನೂ ಬಿಡದೆ. "ಅವಸರ ಇದ್ದವರು ಬಿಸ್ಕಿಟ್ ತಿನ್ನಿ."

ಅವನು ನಕ್ಕು ಹೋದ. ನೋಡುನೋಡುತ್ತ ಎರಡು ತಿಂಗಳೂ ಹೋದವು.

ಒಂದು ಬೆಳಿಗ್ಗೆ ಏಳುವುದು ತಡವಾಯಿತು. ಚಪ್ಪಲಿ ಮೆಟ್ಟುವಾಗ ಹೆಂಡತಿ ಬಾಣಲೆಯಿಂದ ಆಗಷ್ಟೇ ತೆಗೆದ ಗೋಳಿಬಜೆಯನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟಳು. "ಖಾಲಿ ಹೊಟ್ಟೆಯಲ್ಲಿ ಹೋಗಿ ಊರವರ ಹೊಟ್ಟೆ ತುಂಬಿಸ್ತೀರಾ? ಹಿಡ್ಕೊಳ್ಳಿ." ಗಾಡಿಯಲ್ಲಿ ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಪೊಟ್ಟಣ. ಮುಂದಿನ ಸ್ಟೇಷನ್ ಠಾಕುರ್ಲಿ ಬರುವುದರೊಳಗೆ ಎಲ್ಲ ಮುಗಿದಿತ್ತು. ಚಟ್ನಿಯ ನೆನಪೂ ಬಂದಿರಲಿಲ್ಲ. ಓಡುವವರನ್ನು ಹಿಡಿದು ಕೂರಿಸಲು ಎರಡು ತಿಂಗಳು ಹೆಣಗಿದೆನಲ್ಲ, ನನ್ನಂಥ ಹೆಡ್ಡ ಇದ್ದಾನೆಯೇ ಎಂದು ಗಾಡಿಯಲ್ಲೇ ಹಣೆ ಚಚ್ಚಿಕೊಂಡೆ.

ಅಂದೇ ಕುರ್ಚಿ ಟೇಬಲ್ಲುಗಳನ್ನು ಹಿಂದಕ್ಕೆ ತಳ್ಳಿದೆ. ದೋಸೆ ಕಲ್ಲನ್ನು ಒರೆಸಿ ಗೋಡೆಗೆ ಒರಗಿಸುವಾಗ ಕೈ ಒಂದು ಗಳಿಗೆ ತಡೆಯಿತು, ಸುಳ್ಳು ಹೇಳುವುದಿಲ್ಲ. ಬಾಗಿಲಲ್ಲೇ ಒಲೆ ಇಟ್ಟೆ. ಇನ್ನು ಗೋಳಿಬಜೆಯೊಂದೇ: ಮೈದಾ, ಹುಳಿ ಮಜ್ಜಿಗೆ, ಶುಂಠಿ. ಹಸಿಮೆಣಸು ಮತ್ತು ಕೊಬ್ಬರಿ ಚೂರು ಸ್ವಲ್ಪ ಹೆಚ್ಚು, ಚಟ್ನಿ ಬೇಡುವ ಹಾಗೆಯೇ ಇಲ್ಲ. ಬೆಳಿಗ್ಗೆ ಕಲಸಿಟ್ಟರೆ ಸಂಜೆಗೆ ಹದ. ಮೊದಲ ದಿನ ಅದೇ ಲೋಡಿಂಗಿನವನನ್ನು ನಾನೇ ಕೂಗಿ ಕರೆದು ಪೊಟ್ಟಣ ಕೊಟ್ಟೆ. ಮರುದಿನ ಅವನು ಆರು ಜನರನ್ನು ಕರೆತಂದ.

ಮೂರನೆಯ ತಿಂಗಳ ಕೊನೆಗೆ ಧಣಿಗಳು ಬಂದರು, ಸರಿಯಾಗಿ ಕಾರ್ಖಾನೆ ಬಿಡುವ ಹೊತ್ತಿಗೆ. ಗುಂಪಿನ ನಡುವೆ ಸಿಕ್ಕಿಕೊಂಡರು. ಹಿಂದಿನಿಂದ ನಮ್ಮ ಕಲಬುರಗಿಯವನು, "ಯಜಮಾನ್ರ, ತಗೊಂಡ್ರ ಅತ್ಲಾಗ ಸರೀರಿ, ಗಾಡಿ ಬಂತು!" ಎಂದ. ಅವರ ಹೋಟೆಲಿನ ಮುಂದೆ ಅವರನ್ನೇ ಬದಿಗೆ ಸರಿಸಿದ! ಧಣಿಗಳು ಸರಿದರು. ನಿಂತೇ ತಿಂದರು. ಕೈ ಒರೆಸಿಕೊಂಡು ಒಳಗೆ ನೋಡಿದರು.

"ಗಲ್ಲೆಯಲ್ಲಿ ಕೂತ್ಕೋ ಅಂದ್ರೆ ಕುರ್ಚಿಯನ್ನೇ ಎತ್ತಿದ್ದೀಯಲ್ಲ ಮಾರಾಯ. ದೋಸೆ ಇಲ್ವಾ?"

"ಭಾನುವಾರ ಮಾತ್ರ ಧಣಿ. ಅವತ್ತು ಯಾರೂ ಓಡುವುದಿಲ್ಲ."

ಇಷ್ಟು ದಿನ ತಮ್ಮಲ್ಲೇ ಇಟ್ಟುಕೊಂಡಿದ್ದ ಶಟರಿನ ಎರಡನೆಯ ಕೀಲಿಕೈಯನ್ನು ಜೇಬಿನಿಂದ ತೆಗೆದು ಗಲ್ಲೆಯ ಮೇಲಿಟ್ಟು, ಇನ್ನೊಂದು ಪೊಟ್ಟಣ ಕಟ್ಟಿಸಿಕೊಂಡು ಹೋದರು.

ಮನೆಯಲ್ಲಿ ಕೀಲಿಕೈ ತೋರಿಸಿದಾಗ ಮಗಳು ಎಂದಿನಂತೆ ಹಿಂದಿಯಲ್ಲೇ ಕೇಳಿದಳು: "ಪಪ್ಪಾ, ಅಬ್ ಹೋಟೆಲ್ ಆಪ್ ಹೀ ರನ್ ಕರೋಗೆ?"

"ಹೂಂ, ಇನ್ನು ಹೋಟೆಲ್ ನಡೆಸುವುದು ನಾನೇ," ಎಂದೆ. "ಬೆಳಿಗ್ಗೆ ಬೇಗ ಎಬ್ಬಿಸು. ಹಿಟ್ಟು ಕಲಸಲಿಕ್ಕಿದೆ."