ನೀಲವ್ವನಿಗೆ ಕಾಣದ್ದು

ಆಗ ನನಗೆ ಅರವತ್ತೆರಡು; ಈಗ್ಗೆ ಏಳು ವರ್ಷದ ಮಾತು. ನನ್ನ ಸೊಸೆ ನೀಲವ್ವನಿಗೆ ಆಸ್ಪರ್ಜರ್ ಇದೆಯೆಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರು. ಆ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಮನಸ್ಸು ಒಂದರಲ್ಲಿ ಕೂತರೆ ಪಕ್ಕದ್ದು ಕಾಣಿಸುವುದಿಲ್ಲವಂತೆ. ಏನಿದ್ದರೂ ಬಿಡಿಸಿ ಹೇಳಬೇಕಂತೆ. ಗುಳಿಗೆ ಕೊಡದ ಡಾಕ್ಟರನ್ನು ನಾನು ನಂಬಲಿಲ್ಲ.

ನೋಡುವುದೆಂದರೆ ಏನೆಂದು ನನಗೆ ಆಗಾಗ ಯೋಚನೆ ಬರುತ್ತದೆ. ಬಾದಾಮಿಯ ಗುಹೆಯಲ್ಲಿ ನಾವೆಲ್ಲ ದೇವರನ್ನು ನೋಡಿದೆವು. ನೀಲವ್ವ ದೇವರ ಸೊಂಟದ ಪಟ್ಟಿಯಲ್ಲಿ ನಮ್ಮ ಇಳಕಲ್ ಸೀರೆಯ ದಡಿಯ ಚಿತ್ತಾರ ಕಂಡು ನಿಂತೇಬಿಟ್ಟಳು. ಮಂಗ ಅವಳ ಕೈಯಿಂದಲೇ ಬಾಳೆಹಣ್ಣು ಕಿತ್ತುಕೊಂಡು ಎದುರಿಗೇ ಕೂತು ತಿಂದಿತು. ಹಣ್ಣೆಲ್ಲಿ ಅಂದರೆ ಕೈ ನೋಡಿಕೊಂಡಳು! ಹಾಗಂತ ದಡ್ಡಿಯಲ್ಲ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ನಮ್ಮೂರ ಪದ್ಧತಿ. ಅದರಲ್ಲಿ ಅವಳು ಒಂದು ಎಳೆಯನ್ನೂ ತಪ್ಪಿದವಳಲ್ಲ.

ಒಂದು ದಿನ ಹಾಗೆ ಕೊಂಡಿ ಹಾಕುತ್ತ ಕೂತಾಗ ಮಗಳ ಮನೆಯ ಬೀಗರು ಬಂದು ಅವಳ ಮುಂದೆಯೇ ನಿಂತರು. ನೀಲವ್ವ ತಲೆ ಎತ್ತಲಿಲ್ಲ. ನೀರು ಕೊಡೆಂದು ಬೀಗರೆದುರು ಸೊಸೆಗೆ ಹೇಳುವುದುಂಟೇ?

‘ಬಿಸಲ ಭಾಳ ಐತಿ’ ಅಂದೆ.

‘ಹೌದ್ರಿ ಅತ್ತಿ, ಭಾಳ ಐತ್ರಿ’ ಅಂದಳು. ಎದ್ದಳೇ? ಇಲ್ಲ.

ಬೀಗರು ಹೋದದ್ದೇ ತಡ, ‘ಮುಂದ ನಿಂತ ಮಂದಿ ಕಾಣಂಗಿಲ್ಲಂದ್ರ ಈ ಮನ್ಯಾಗ ಯಾಕಿದ್ದಿ? ಹೋಗು ನಿಮ್ಮವ್ವನ ಮನಿಗೆ!’ ಎಂದು ಕೂಗಿದೆ.

‘ಕೊಂಡಿ ಮುಗಿಸಿ ಹೋಗ್ಲೇನ್ರಿ?’

ಕೊಂಡಿ ಮುಗಿಸಿದಳು. ಚೀಲ ತುಂಬಿದಳು. ಹುನಗುಂದದ ಬಸ್ಸು ಹತ್ತಿಯೇ ಬಿಟ್ಟಳು.

ಸಂಜೆ ಮಗ ಈರಣ್ಣ ಫೋನು ಹಿಡಿದು ನನ್ನೆದುರು ಕೂತ. ‘ಆಕಿ ಬರಂಗಿಲ್ಲಬೇ. ಅತ್ತ್ಯಾರಿಗೆ ನಾ ಬ್ಯಾಡಂತ, ಅಂತಾಳ.’

‘ಸಿಟ್ಟಿನ್ಯಾಗ ಅಂದದ್ದು ತಿಳಿಯಂಗಿಲ್ಲೇನು ಆಕಿಗೆ?’

‘ಇಲ್ಲಬೇ. ಬ್ಯಾಡ ಅಂದದ್ದು ಕೇಳ್ಯಾಳ. ಬೇಕು ಅಂತ ಎಂದಾರ ಅಂದೀಯೇನು?’

ಊರೆಲ್ಲ ನನ್ನನ್ನು ಕಡ್ಡಿ ಮುರಿದಂತೆ ಮಾತಾಡುವವಳು ಅನ್ನುತ್ತದೆ. ನನಗೂ ಅದೊಂದು ಜಂಬ. ಲೆಕ್ಕ ಹಾಕಿದರೆ, ನೇರವಾಗಿ ಆಡಿದ್ದು ಬರೇ ಬೈಗುಳ. ಮೊದಲ ಹೋಳಿಗೆ ಅವಳ ತಾಟಿಗೆ ಹಾಕಿದರೆ ಅವಳಿಗೆ ತಿಳಿಯುತ್ತದೆ ಅಂದುಕೊಂಡಿದ್ದೆ. ಹೋಳಿಗೆಗೆ ಬಾಯಿ ಎಲ್ಲಿದೆ? ನೀಲವ್ವನಿಲ್ಲದ ಮನೆಯಲ್ಲಿ ಮಗ್ಗದ ಸಪ್ಪಳವೂ ಬೇಸರ ಬರಿಸಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹುನಗುಂದಕ್ಕೆ ಹೋದೆ. ನೀಲವ್ವನ ಅವ್ವ ಕೊಟ್ಟ ಚಹಾ ಕೆಳಗಿಟ್ಟು, ಆ ಬೀಗತಿಯೆದುರಿಗೇ ಹೇಳಿದೆ: ‘ನೀಲವ್ವಾ, ನೀ ನನಗ ಬೇಕು. ಏಳು, ಮನಿಗೆ ಹೋಗೂಣು.’